ಚೀಟಿಯಕ್ಕ ಕಲಿತ ಒಂದೇ ಅಕ್ಷರ

ಪ್ರಾಣಿಗಳ ಆ ಪುಟ್ಟ ಆಸ್ಪತ್ರೆಯಲ್ಲಿ ಬಾಗಿಲ ಪಕ್ಕದ ಮೇಜು ಚೀಟಿಯಕ್ಕನದು. ಬಂದವರಿಗೆ ಸರದಿಯ ಚೀಟಿ ಕೊಡುವುದು, ನಾಯಿಗಳನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ನೋಡುವುದು, ಬೆಕ್ಕಿನ ಬುಟ್ಟಿಗೂ ನಾಯಿಯ ಮೂತಿಗೂ ನಡುವೆ ಅಡ್ಡ ನಿಲ್ಲುವುದು, ಸಾಕಿದ ಪ್ರಾಣಿಗಿಂತ ತಾವೇ ಹೆಚ್ಚು ನಡುಗುತ್ತಿರುವವರನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಡುವುದು, ಇವೆಲ್ಲ ಅವಳ ಕೆಲಸ. ಈ ಕೆಲಸಕ್ಕೆ ಬೇಕಾದಷ್ಟು ಮಾತು ಅವಳ ಬಳಿ ಧಾರಾಳವಾಗಿತ್ತು. ಗುರುಗುಟ್ಟುವ ನಾಯಿಗೆ, "ಯಾಕಪ್ಪ ಮಹರಾಯ, ನಿನಗೇನು ಅನ್ಯಾಯ ಆಯ್ತು ಈಗ?" ಅನ್ನುವಳು. ನಾಯಿ ಸುಮ್ಮನಾಗುತ್ತಿತ್ತು. ಅದರ ಯಜಮಾನನಿಗೂ ಅದೇ ದನಿಯಲ್ಲಿ ಅದೇ ಮಾತು ಹೇಳುವಳು, ಅವನೂ ಸುಮ್ಮನಾಗುತ್ತಿದ್ದ.

ತೊಂದರೆ ಶುರುವಾದದ್ದು ಫೋನಿನಿಂದ. ಫೋನು ನೋಡಿಕೊಳ್ಳುತ್ತಿದ್ದ ಹುಡುಗಿಗೆ ಮನುಷ್ಯರ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅವಳು ಹೋದ ಮರುದಿನವೇ ಡಾಕ್ಟರಮ್ಮ ಫೋನನ್ನು ಎತ್ತಿ ತಂದು ಚೀಟಿಯಕ್ಕನ ಮೇಜಿನ ಮೇಲಿಟ್ಟರು.

"ಅಕ್ಕ, ಇನ್ಮೇಲೆ ಇದನ್ನೂ ನೀವೇ ನೋಡ್ಕೊಳ್ಳಿ."

"ಅಯ್ಯೋ ಡಾಕ್ಟರಮ್ಮ, ಎದುರಿಗಿನ ಎತ್ತರದ ಕಟ್ಟಡದವರೆಲ್ಲ ಇಂಗ್ಲಿಷ್‌ನಲ್ಲೇ ಕೇಳ್ತಾರಲ್ಲ."

"ನಾಯಿ ಭಾಷೆ ಬರುತ್ತೆ ನಿಮಗೆ. ಇಂಗ್ಲಿಷ್ ಯಾವ ದೊಡ್ಡ ಮಾತು," ಎಂದು ಡಾಕ್ಟರಮ್ಮ ಒಳಗೆ ನಡೆದರು. ಅವರಿಗೆ ಒಳಗೊಂದು ಹೋರಿಕರುವಿನಂಥ ನಾಯಿಯ ಹಲ್ಲು ಕೀಳುವುದಿತ್ತು.

ರಸ್ತೆಯಾಚೆಯ ಆ ಕಟ್ಟಡಕ್ಕೆ ಎಲ್ಲೆಲ್ಲಿಂದಲೋ ಜನ ಬಂದು ತುಂಬಿಕೊಂಡಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದ್ದರಿಂದ ಎಲ್ಲರೂ ಇಂಗ್ಲಿಷಿನಲ್ಲೇ ಕಾಲ ಹಾಕುತ್ತಿದ್ದರು. ಚೀಟಿಯಕ್ಕ ಶಾಲೆಯಲ್ಲಿ ಕಲಿತ ಚೂರುಪಾರನ್ನು ಕೊಡವಿ ಎತ್ತಿಕೊಂಡಳು. "ಎಸ್", "ಕಮ್", "ಟೆನ್ ಓ ಕ್ಲಾಕ್", "ಬ್ರಿಂಗ್ ಡಾಗ್". ಇಷ್ಟರಲ್ಲಿ ಕೆಲವು ದಿನ ಸುಸೂತ್ರವಾಗಿ ಕಳೆದವು. ಅವಳಿಗೆ ಸ್ವಲ್ಪ ಜಂಭವೂ ಬಂತು ಅನ್ನಬೇಕು. ಫೋನು ಎತ್ತುವ ಮುಂಚೆ ಸೆರಗು ಸರಿಮಾಡಿಕೊಳ್ಳತೊಡಗಿದ್ದಳು, ಆ ಕಡೆಯವರಿಗೆ ಕಾಣುತ್ತದೆಯೋ ಎಂಬಂತೆ.

ಅಷ್ಟರಲ್ಲಿ ಬಂತು ಡ್ರಮ್ ಮೇಷ್ಟ್ರ ಬೆಕ್ಕು. ಮೇಷ್ಟ್ರು ಆರಡಿ ಎತ್ತರದ, ಗಡ್ಡದ, ಮಕ್ಕಳಿಗೆ ಡ್ರಮ್ ಬಾರಿಸಲು ಕಲಿಸುವ ಮನುಷ್ಯ. ಬೆಕ್ಕು ಮಾತ್ರ ಅಂಗೈಯಷ್ಟು. ಹೊಟ್ಟೆಯಲ್ಲಿ ದಾರದುಂಡೆ ಸಿಕ್ಕಿಕೊಂಡಿದ್ದ ಅದಕ್ಕೆ ಬೆಳಿಗ್ಗೆ ಆಪರೇಷನ್ ಆಯಿತು. ಮಧ್ಯಾಹ್ನ ಮೇಷ್ಟ್ರ ಫೋನು ಬಂತು. ದನಿ ನಡುಗುತ್ತಿತ್ತು. ಬೆಕ್ಕು ಬದುಕಿದೆಯೇ ಎಂದು ಕೇಳುತ್ತಿದ್ದಾರೆಂದು ಚೀಟಿಯಕ್ಕನಿಗೆ ಅರ್ಥವಾಯಿತು. ಬೆಕ್ಕು ಕಣ್ಣು ಬಿಟ್ಟಿದ್ದನ್ನು ಈಗಷ್ಟೇ ನೋಡಿ ಬಂದಿದ್ದ ಅವಳು ಸಂತೋಷದಿಂದ, ಧೈರ್ಯ ಹೇಳುವ ದನಿಯಲ್ಲಿ ಹೇಳಿದಳು:

"ಲೀವಿಂಗ್ ಸಾರ್. ನೌ ಓನ್ಲಿ ಲೀವಿಂಗ್. ಡೋಂಟ್ ಕ್ರೈ."

ಆ ಕಡೆ ಫೋನು ಕಟ್ಟಾಯಿತು. ಸ್ವಲ್ಪ ಹೊತ್ತಿಗೆಲ್ಲ ಮೇಷ್ಟ್ರು ಮೂಗು ಕೆಂಪಗೆ ಮಾಡಿಕೊಂಡು, ಕೈಯಲ್ಲೊಂದು ಬಿಳಿ ಟವೆಲ್ಲು, ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹೊರಟುಹೋಗುತ್ತಿರುವ ಜೀವವನ್ನು ಕಡೆಯ ಸಲ ನೋಡಲು ಬಂದಿದ್ದರು ಪಾಪ. ಬೆಕ್ಕು ಇವರನ್ನು ನೋಡಿ, ಹಸಿವು ಅಂತ ಕೂಗಿತು. ಮೇಷ್ಟ್ರು ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಡಾಕ್ಟರಮ್ಮನಿಗೆ ವಿಷಯ ತಿಳಿದು ನಗು ತಡೆಯಲಾರದೆ ಔಷಧಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಕಾಂಪೌಂಡರ್ ಮಾತ್ರ ಅಷ್ಟೂ ಮರ್ಯಾದೆ ತೋರಿಸದೆ ಎಲ್ಲರೆದುರೇ ಹೊಟ್ಟೆ ಹಿಡಿದುಕೊಂಡು ನಕ್ಕ.

ಚೀಟಿಯಕ್ಕ ಮನೆಗೆ ಬಂದು ಗಂಡನಿಗೆ ಹೇಳಿದಳು. ಅವರೂ ನಗುತ್ತಾರೆ, ಇಬ್ಬರೂ ನಕ್ಕು ಮರೆಯಬಹುದು ಅಂದುಕೊಂಡಿದ್ದಳು. ಅವರು ನಗಲಿಲ್ಲ. ಎದ್ದು ಹೋಗಿ ಕೆಂಪು ಪೆನ್ಸಿಲ್ ತಂದರು.

ಅವಳ ಗಂಡ ಬದುಕೆಲ್ಲ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಕನ್ನಡ, ಇಂಗ್ಲಿಷ್ ಎರಡೂ ಅವರ ಕಣ್ಣ ಕೆಳಗೇ ಹಾದುಹೋಗಬೇಕಿತ್ತು. ಓಡುವ ಕೆಲಸವನ್ನೆಲ್ಲ ಅಲ್ಲಲ್ಲಿ ತಡೆದು ನಿಲ್ಲಿಸುತ್ತಾರೆಂದು ಜೊತೆಯವರು ಇಟ್ಟ ಹೆಸರು ಅಲ್ಪವಿರಾಮ. ನಿವೃತ್ತಿಯಾದ ಮೇಲೆ ತಿದ್ದಲು ಏನೂ ಸಿಗದೆ, ಸೋಪಿನ ಹೊದಿಕೆ, ಮಾತ್ರೆಯ ಪಟ್ಟಿ, ಬಸ್ಸಿನ ಹಿಂದಿನ ಬರಹ ಹೀಗೆ ಸಿಕ್ಕಿದ್ದರಲ್ಲಿ ತಪ್ಪು ಹುಡುಕಿ ದಿನ ತಳ್ಳುತ್ತಿದ್ದರು. ಈಗ ಮನೆಯೊಳಗೇ ಒಂದು ತಪ್ಪು ತಾನಾಗಿ ನಡೆದು ಬಂದಿತ್ತು.

"ಕೂತ್ಕೋ," ಅಂದರು.

"ಕುಕ್ಕರ್ ಇಡಬೇಕು ರೀ."

"ಕುಕ್ಕರ್ ಎಲ್ಲೂ ಹೋಗಲ್ಲ. ಲ ಗುಡಿಸು ಲಿ. ಲ ಗುಡಿಸಿನ ದೀರ್ಘ ಲೀ. ಹೇಳು."

"ನಾನೇನು ಒಂದನೇ ಕ್ಲಾಸಾ?"

"ಗುಡಿಸು ಬಂದರೆ ಬೆಕ್ಕು ಬದುಕಿತು. ದೀರ್ಘ ಬಂದರೆ ಬೆಕ್ಕು ಹೊರಟಿತು. ಅಷ್ಟೇ ವ್ಯತ್ಯಾಸ. ಲಿವ್, ಲೀವ್. ಹೇಳು."

ಹೇಳಿದಳು. ಹೇಳಿ ನೋಡಿದರೆ ನಿಜಕ್ಕೂ ಅಷ್ಟೇ. ಒಂದು ದೀರ್ಘ ಎಳೆದದ್ದಕ್ಕೆ ಆರಡಿ ಎತ್ತರದ ಗಂಡಸನ್ನು ಅಳಿಸಿಬಿಟ್ಟಿದ್ದಳಲ್ಲ ಎಂದು ಅವಳಿಗೆ ಈಗ ನಾಚಿಕೆಯಾಯಿತು.

"ಬೇರೆ ಮಾತೂ ಕಲಿಸಿ ಹಾಗಾದರೆ. ಎ ಇಂದ ಶುರು ಮಾಡೋಣ," ಅಂದಳು.

"ತಪ್ಪಾಗಿದ್ದು ಎಲ್‌ನಲ್ಲಿ. ಎಲ್ಲಿ ತಪ್ಪಿದೆಯೋ ಅಲ್ಲಿಂದ ತಿದ್ದಬೇಕು. ಎಲ್ ಅಕ್ಷರದ ಕ್ರಿಯಾಪದ ಎಲ್ಲ ಮುಗೀಲಿ, ಆಮೇಲೆ ನೋಡೋಣ."

ಕರಡು ತಿದ್ದುವವರ ನ್ಯಾಯ ಅದು, ವಾದ ಮಾಡಿ ಪ್ರಯೋಜನವಿರಲಿಲ್ಲ. ಅಂದಿನಿಂದ ಸಂಜೆಯ ಹೊತ್ತು ಅಡುಗೆಮನೆಯ ಕಟ್ಟೆಯ ಪಕ್ಕ ಅವರೊಂದು ಸ್ಟೂಲು ಹಾಕಿಕೊಂಡು ಕೂರತೊಡಗಿದರು. ಅವಳು ತರಕಾರಿ ಹೆಚ್ಚುವಳು, ಅವರು ಇಂಗ್ಲಿಷ್ ಹೆಚ್ಚುವರು. ಲುಕ್ ಎಂದರೆ ನೋಡು. ಅದರ ಬೆನ್ನಿಗೆ ಫಾರ್ ಬಂದರೆ ಹುಡುಕು. ಆಫ್ಟರ್ ಬಂದರೆ ನೋಡಿಕೋ. ಇದು ಚೀಟಿಯಕ್ಕನಿಗೆ ಸಲೀಸಾಗಿ ಇಳಿಯಿತು. ನಮ್ಮಲ್ಲೂ ಹಾಗೇ ತಾನೇ, ನೋಡುವುದೇ ಬೇರೆ, ನೋಡಿಕೊಳ್ಳುವುದೇ ಬೇರೆ. ಮದುವೆಗೆ ಮುಂಚೆ ನೋಡಲು ಬಂದವರು ಮದುವೆಯಾದ ಮೇಲೆ ನೋಡಿಕೊಳ್ಳಬೇಕಲ್ಲ ಎಂದು ಅವಳು ಸೇರಿಸಿದಾಗ, ಯಜಮಾನರು ಆ ಉದಾಹರಣೆಯನ್ನು ಪಾಠಕ್ಕೆ ಸೇರಿಸಿಕೊಳ್ಳದೆ ಮುಂದಿನ ಪದಕ್ಕೆ ಹೋದರು.

ಮುಂದಿನ ಪದದಲ್ಲಿ ಅವರೇ ಸಿಕ್ಕಿಬಿದ್ದರು. "ಲೀವ್ ಅಂದ್ರೆ ಬಿಡು, ಬಿಟ್ಟು ಹೋಗು. ಲೆಟ್ ಅಂದ್ರೂ ಬಿಡು. ಆದರೆ ಇದು ಅಡ್ಡ ಬರದೇ ಇರೋ ಬಿಡು. ಲೀವ್ ಮೀ ಅಂದ್ರೆ ನನ್ನನ್ನ ಬಿಟ್ಟು ಹೋಗು. ಲೆಟ್ ಮೀ ಅಂದ್ರೆ ನನಗೆ ಮಾಡೋಕೆ ಬಿಡು."

"ಸರಿ. ಒಲೆ ಮೇಲೆ ಹಾಲಿದೆ, ಈಗ ನನ್ನ ಬಿಡಿ ಅಂತೀನಿ. ಇದು ಯಾವ ಬಿಡು?"

ಅಲ್ಪವಿರಾಮದವರು ಪೆನ್ಸಿಲನ್ನು ಕಿವಿಯ ಮೇಲಿಟ್ಟು ಯೋಚಿಸಿದರು. ಹೋಗಲು ಬಿಡು ಎಂದರೆ ಲೆಟ್. ನೀವು ಆ ಕಡೆ ಹೋಗಿ ಎಂದರೆ ಲೀವ್. ಹೇಳುವವಳ ಮನಸ್ಸಿನಲ್ಲಿ ಯಾವುದಿದೆ ಎಂಬುದರ ಮೇಲೆ ನಿಂತಿದೆ ಎಂದು ಅವರು ತೀರ್ಪು ಕೊಡುವ ಹೊತ್ತಿಗೆ ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು.

"ಲೀಕ್ ಅಂದ್ರೆ ಇದೇನಾ?" ಅಂದಳು ಚೀಟಿಯಕ್ಕ, ಬಟ್ಟೆ ಹುಡುಕುತ್ತ.

"ಅಲ್ಲ. ಅದು ಸೋರೋದು. ಉಕ್ಕೋದು ಬಿ ಅಕ್ಷರದಲ್ಲಿ ಬರುತ್ತೆ," ಎಂದು ಅವರು ಸ್ಟೂಲಿನಿಂದ ಏಳದೆಯೇ ತಿದ್ದಿದರು.

ಹಾಲು ಹೋದರೂ ಪಾಠ ದಂಡವಾಗಲಿಲ್ಲ. ಪ್ರಾಣಿಗಳ ಕಷ್ಟವೆಲ್ಲ ಎಲ್ ಅಕ್ಷರದಲ್ಲೇ ಬೀಡುಬಿಟ್ಟಂತಿತ್ತು. ಕುಂಟಿದರೆ ಲಿಂಪ್, ಗಾಯ ನೆಕ್ಕಿಕೊಂಡರೆ ಲಿಕ್, ರೋಮ ಉದುರಿದರೆ ಲೂಸ್, ಕಾಲೆತ್ತಿದರೆ ಲಿಫ್ಟ್. ಫೋನಿನಲ್ಲಿ ಚೀಟಿಯಕ್ಕನ ಮಾತು ಈಗ ಗಟ್ಟಿಯಾಯಿತು. "ಲಿಂಪಿಂಗ್? ಲಿಕಿಂಗ್? ಲುಕ್ ಪ್ರಾಪರ್ಲಿ ಅಂಡ್ ಟೆಲ್," ಎಂದು ಅವಳು ಕೇಳುವ ಗತ್ತಿಗೆ ಆ ಕಡೆಯವರು ಹೋಗಿ ನೋಡಿ ಬಂದೇ ಹೇಳುತ್ತಿದ್ದರು.

"ಅಕ್ಕ, ಬೇರೆ ಅಕ್ಷರದ ಕಾಯಿಲೆ ಬಂದ್ರೆ ಏನ್ಮಾಡ್ತೀರಿ?" ಎಂದು ಕಾಂಪೌಂಡರ್ ಕೆಣಕಿದ.

"ಅದಕ್ಕೆ ಡಾಕ್ಟರಮ್ಮ ಇದ್ದಾರೆ. ನಾನು ಎಲ್ ವಿಭಾಗ," ಅಂದಳು ಚೀಟಿಯಕ್ಕ.

ಹೀಗೆ ಚೆನ್ನಾಗಿ ನಡೆಯುತ್ತಿದ್ದ ಬಂಡಿ ಒಂದು ಸಂಜೆ ಹೊಂಡಕ್ಕೆ ಬಿತ್ತು. ಅಂದಿನ ಪದ ಲೈ.

"ಲೈ ಅಂದ್ರೆ ಸುಳ್ಳು ಹೇಳು. ಲೈ ಅಂದ್ರೆ ಮಲಗು ಅಂತಾನೂ ಆಗುತ್ತೆ."

"ಎರಡಕ್ಕೂ ಒಂದೇನಾ? ಮಲಗಿದ್ದವರೆಲ್ಲ ಸುಳ್ಳು ಹೇಳ್ತಾರಾ?"

"ಮಧ್ಯ ಬಾಯಿ ಹಾಕ್ಬೇಡ. ಇನ್ನು ಲೇ. ಲೇ ಅಂದ್ರೆ ಏನನ್ನಾದ್ರೂ ಇಡು. ಕೋಳಿ ಮೊಟ್ಟೆ ಇಡೋದೂ ಲೇ. ಈಗ ಗಮನ ಕೊಟ್ಟು ಕೇಳು. ಮಲಗು ಅನ್ನೋ ಲೈ ಇದೆಯಲ್ಲ, ನಿನ್ನೆ ಮಲಗಿದ್ರೆ ಅದು ಲೇ ಆಗುತ್ತೆ."

ಚೀಟಿಯಕ್ಕ ಚಾಕು ಕೆಳಗಿಟ್ಟಳು. "ನಾಯಿ ಇವತ್ತು ಮಲಗಿದ್ರೆ ಮಲಗಿದ್ದು. ಅದೇ ನಾಯಿ ನಿನ್ನೆ ಮಲಗಿದ್ರೆ ಮೊಟ್ಟೆ ಇಟ್ಟ ಹಾಗಾ?"

"ಹಾಗಲ್ಲ. ಲೈ, ಲೇ, ಲೇನ್. ಲೇ, ಲೇಡ್, ಲೇಡ್. ಹೇಳು."

ಹೇಳಿದಳು. ತಪ್ಪಿತು. ಮತ್ತೆ ಹೇಳಿದಳು, ಬೇರೆ ಕಡೆ ತಪ್ಪಿತು. ವಾರವೆಲ್ಲ ಅದೇ ನಡೆಯಿತು. ಅವರ ದನಿ ದಿನದಿನಕ್ಕೆ ಏರಿತು. ಎದುರು ಮನೆಯಾಕೆ ಬೆಳಿಗ್ಗೆ ಕಸದ ಬುಟ್ಟಿಯ ಬಳಿ ಅವಳನ್ನು ನಿಲ್ಲಿಸಿ, "ಇಷ್ಟು ವರ್ಷ ಇಲ್ಲದ್ದು, ಈಗ ಯಾಕಮ್ಮ ಯಜಮಾನ್ರು ನಿಮ್ಮನ್ನ ಲೇ, ಲೇ ಅಂತ ಕರೀತಾರೆ?" ಎಂದು ಕಳಕಳಿಯಿಂದ ಕೇಳಿದಳು. ಇಂಗ್ಲಿಷ್ ಪಾಠ ಎಂದರೆ ಆಕೆ ನಂಬಲಿಲ್ಲ. ನನ್ನ ಹತ್ತಿರ ಮುಚ್ಚಿಡಬೇಡಿ ಎಂದು ಭುಜ ಸವರಿ ಹೋದಳು.

ಆ ಸಂಜೆ ಚೀಟಿಯಕ್ಕ ಮತ್ತೆ ತಪ್ಪಿದಳು. ಅಲ್ಪವಿರಾಮದವರು ಪೆನ್ಸಿಲನ್ನು ಜೇಬಿಗಿಟ್ಟುಕೊಂಡರು. "ನಿನ್ನ ಕೈಲಾಗಲ್ಲ, ಬಿಡು," ಅಂದರು.

ಇದು ಲೀವೂ ಅಲ್ಲ, ಲೆಟ್ಟೂ ಅಲ್ಲ. ಈ ಬಿಡುವಿನ ಅರ್ಥ ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳು ತಟ್ಟೆ ಹಾಕಿದಳು, ಬಡಿಸಿದಳು. ಮರುದಿನ ಸಂಜೆ ಸ್ಟೂಲು ಇರುವ ಜಾಗದಲ್ಲಿ ಹಿಟ್ಟಿನ ಡಬ್ಬಿ ಇಟ್ಟಳು. ಅವರು ಅಡುಗೆಮನೆಯ ಬಾಗಿಲವರೆಗೆ ಬಂದು ಡಬ್ಬಿಯನ್ನು ನೋಡಿ ಹಿಂದಿರುಗಿದರು. ಡಬ್ಬಿ ಸರಿಸು ಅಂತ ಅವರು ಕೇಳಲಿಲ್ಲ, ಸರಿಸುತ್ತೇನೆ ಅಂತ ಅವಳೂ ಹೇಳಲಿಲ್ಲ. ಅವರು ಸೋಪಿನ ಹೊದಿಕೆಗೆ ಮರಳಿದರು. ಪೆನ್ಸಿಲನ್ನು ಮಾತ್ರ ದಿನಾ ಕೆತ್ತಿ ಚೂಪು ಮಾಡಿ ಇಡುತ್ತಿದ್ದುದನ್ನು ಅವಳು ನೋಡಿದಳು. ನೋಡಿಯೂ ನೋಡದಂತೆ ಇದ್ದಳು.

ಈ ಮೌನದ ದಿನಗಳಲ್ಲೇ ಆಸ್ಪತ್ರೆಗೆ ಮೇಜರ್ ಬಂದ. ಮೇಜರ್ ಎಂದರೆ ಒಂದು ಹಸಿರು ಗಿಳಿ. ಎದೆ ಉಬ್ಬಿಸಿ ಕೂರುವ ಠೀವಿಗೆ ಅವನ ಒಡತಿ ಆ ಹೆಸರಿಟ್ಟಿದ್ದರು. ಒಡತಿಯನ್ನು ಎಲ್ಲರೂ ಗಿಳಿ ಮೇಡಂ ಅನ್ನುತ್ತಿದ್ದರು. ಮೇಜರ್ ಎರಡು ದಿನದಿಂದ ಕಡ್ಡಿಯ ಮೇಲೆ ಕೂರದೆ ಪಂಜರದ ತಳದಲ್ಲಿ ಗರಿ ಕೆದರಿಕೊಂಡು ಬಿದ್ದಿದ್ದ. ಹೊಟ್ಟೆ ಊದಿಕೊಂಡಿತ್ತು. ಡಾಕ್ಟರಮ್ಮ ಮುಟ್ಟಿ ನೋಡಿ, ಬೆಚ್ಚಗಿನ ದೀಪದ ಕೆಳಗೆ ಇರಿಸಿ, ಇಲ್ಲೇ ಬಿಟ್ಟುಹೋಗಿ ಎಂದು ಮೇಡಂ ಅವರನ್ನು ಕಳಿಸಿದರು. ತಮ್ಮ ಅನುಮಾನ ಏನೆಂದು ಖಾತ್ರಿಯಾಗುವವರೆಗೆ ಬಾಯಿಬಿಡುವ ಜಾಯಮಾನ ಅವರದಲ್ಲ.

ಮಧ್ಯಾಹ್ನ ಮೇಡಂ ಫೋನು ಮಾಡಿದರು. ಮೇಜರ್ ಏನು ಮಾಡುತ್ತಿದ್ದಾನೆ ಎಂದು ಕೇಳಿದರು. ಮಲಗಿದ್ದಾನೆ ಎನ್ನಲು ಚೀಟಿಯಕ್ಕ ಬಾಯಿ ತೆರೆದಳು.

"ಹಿ ಈಸ್ ಲೇಯಿಂಗ್, ಮೇಡಂ."

ಮೇಡಂ ಇಂಗ್ಲಿಷಿನಲ್ಲಿ ಏನೋ ಕೂಗಿದರು. ಅದರಲ್ಲಿ ಗಂಡು, ಮೇಜರ್, ಹೇಗೆ ಸಾಧ್ಯ ಎಂಬ ಅರ್ಥಗಳು ಉರುಳಿ ಬಂದವು. ಚೀಟಿಯಕ್ಕನ ಕಣ್ಣ ಮುಂದೆ ಕೆಂಪು ಪೆನ್ಸಿಲ್ ಬಂತು. ತಕ್ಷಣ ತಿದ್ದಿಕೊಂಡಳು.

"ಸಾರಿ ಮೇಡಂ, ಸಾರಿ. ನಾಟ್ ಲೇಯಿಂಗ್. ಲೈಯಿಂಗ್."

ಯಾರು ಸುಳ್ಳು ಹೇಳುತ್ತಿರುವುದು ಎಂದು ಮೇಡಂ ಕೇಳಿದರು.

"ಐ, ಮೇಡಂ. ಫಸ್ಟ್ ಐ... ನೋ, ನೋ. ಮೇಜರ್ ಲೈಯಿಂಗ್. ಐ ಲೇಯಿಂಗ್..." ಎಂದವಳು ತಾನು ಏನು ಹೇಳಿದೆ ಎಂದು ಹೊಳೆದು ಫೋನಿಟ್ಟುಬಿಟ್ಟಳು. ಪಕ್ಕದಲ್ಲಿ ಕಾಂಪೌಂಡರ್ ಗೋಡೆಗೆ ಮುಖ ಮಾಡಿ ನಿಂತಿದ್ದ. ಅವನ ಹೆಗಲು ಅಲುಗುತ್ತಿತ್ತು.

ಗಿಳಿ ಮೇಡಂ ಕಟ್ಟಡದಿಂದ ಇಳಿದು ರಸ್ತೆ ದಾಟಿ ಬಿರುಗಾಳಿಯಂತೆ ಬಂದರು. ಇಲ್ಲಿ ಯಾರಿಗೆ ಬುದ್ಧಿ ಸರಿಯಿಲ್ಲ, ಗಿಳಿಗೋ ಸಿಬ್ಬಂದಿಗೋ ಎಂದು ಡಾಕ್ಟರಮ್ಮನನ್ನು ಕೇಳಿದರು. ಡಾಕ್ಟರಮ್ಮ ಅವರ ಕೈಹಿಡಿದು ದೀಪದ ಬಳಿ ಕರೆದೊಯ್ದರು. ಮೇಜರ್ ತಳದಲ್ಲಿ ಸುಸ್ತಾಗಿ ಕೂತಿದ್ದ. ಅವನ ಬಾಲದ ಹಿಂದೆ, ಹಾಸಿದ ಬಟ್ಟೆಯ ಮೇಲೆ, ಈಗಷ್ಟೇ ಬಂದ ಬೆಚ್ಚಗಿನ ಬಿಳಿಯ ಮೊಟ್ಟೆ.

ಮೇಡಂ ಬಹಳ ಹೊತ್ತು ಮೊಟ್ಟೆಯನ್ನೊಮ್ಮೆ, ಮೇಜರನ್ನೊಮ್ಮೆ ನೋಡಿದರು. ಆಮೇಲೆ ಹೊರಗೆ ಬಂದು ಚೀಟಿಯಕ್ಕನ ಎರಡೂ ಕೈ ಹಿಡಿದುಕೊಂಡು, ಎಲ್ಲರಿಗಿಂತ ಮೊದಲು ನಿಜ ಹೇಳಿದವಳು ನೀನೇ ಎಂದರು. ನಾನು ಹೇಳಿದ್ದು ಅದಲ್ಲ ಎನ್ನಲು ಚೀಟಿಯಕ್ಕನಿಗೆ ಇಂಗ್ಲಿಷ್ ಸಾಲಲಿಲ್ಲ. ಸತ್ಯವಾಗಿ ಹೇಳಬೇಕೆಂದರೆ, ಮನಸ್ಸೂ ಬರಲಿಲ್ಲ.

ಮನೆಗೆ ಬಂದವಳು ಚಪ್ಪಲಿ ಬಿಚ್ಚುವ ಮೊದಲೇ ಎಲ್ಲವನ್ನೂ ಗಂಡನೆದುರು ಸುರಿದಳು. ತಪ್ಪು ಹೇಳಿದ್ದು, ತಿದ್ದಲು ಹೋಗಿ ಹೆಚ್ಚು ತಪ್ಪಿದ್ದು, ತಾನೇ ಮೊಟ್ಟೆ ಇಡುತ್ತಿದ್ದೇನೆ ಅಂದದ್ದು, ಕೊನೆಗೆ ಮೊಟ್ಟೆ ಬಂದದ್ದು, ಒಂದನ್ನೂ ಬಿಡಲಿಲ್ಲ. ಅವರು ಗಂಭೀರವಾಗಿ ಕೇಳಿಸಿಕೊಂಡರು. ಸೋಪಿನ ಹೊದಿಕೆ ಮಗುಚಿ, ಹಿಂದಿನ ಬಿಳಿ ಜಾಗದಲ್ಲಿ ಲೇಯಿಂಗ್ ಎಂದು ಇಂಗ್ಲಿಷಿನಲ್ಲಿ ಬರೆದರು. ಅದನ್ನು ಕೆಂಪಿನಲ್ಲಿ ಹೊಡೆದುಹಾಕಿದರು. ಆಮೇಲೆ ಪದದ ಕೆಳಗೆ ಉದ್ದಕ್ಕೂ ಚುಕ್ಕೆ ಇಟ್ಟರು.

"ಇದೇನು ಚುಕ್ಕೆ?"

"ಪ್ರೆಸ್ಸಿನಲ್ಲಿ ಇದೊಂದು ಗುರುತು. ತಿದ್ದಿದವನದೇ ತಪ್ಪು, ಮೊದಲು ಇದ್ದ ಹಾಗೇ ಇರಲಿ ಅಂತ ಅರ್ಥ." ಅವಳ ಮುಖ ನೋಡದೆ ಸೇರಿಸಿದರು. "ಆವತ್ತು ಕೈಲಾಗಲ್ಲ ಅಂದೆನಲ್ಲ. ಅದಕ್ಕೂ ಸೇರಿಸಿ ಇಟ್ಟಿದ್ದೀನಿ."

ಆಮೇಲೆ ನಕ್ಕರು. ಬೆಕ್ಕಿನ ದಿನದಿಂದ ಕೂಡಿಟ್ಟುಕೊಂಡಿದ್ದ ನಗುವೆಲ್ಲ ಒಟ್ಟಿಗೆ ಬಂದಂತೆ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಚೀಟಿಯಕ್ಕ ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿಯನ್ನು ಅದರ ಜಾಗಕ್ಕೆ ಸರಿಸಿದಳು.

ಇಷ್ಟಾದ ಮೇಲೆ ಒಂದು ಬೆಳಿಗ್ಗೆ ಅವಳಿಗೆ ಶೀತವಾಗಿ ಗಂಟಲು ಕಟ್ಟಿತು. ಪಿಸುಮಾತಿಗಿಂತ ಹೆಚ್ಚು ಹೊರಡುತ್ತಿರಲಿಲ್ಲ. ಡಾಕ್ಟರಮ್ಮನೂ ಕಾಂಪೌಂಡರನೂ ಆಪರೇಷನ್ನಿನಲ್ಲಿ ಇರುವ ದಿನ ಬೇರೆ.

"ಒಂದು ಹೊತ್ತು ಬಂದು ಫೋನು ನೋಡ್ಕೊಳ್ತೀರಾ ರೀ?" ಎಂದು ಸನ್ನೆಗೆ ಪಿಸುಮಾತು ಬೆರೆಸಿ ಕೇಳಿದಳು.

ಅಲ್ಪವಿರಾಮದವರು ಇಸ್ತ್ರಿಯ ಅಂಗಿ ಹಾಕಿಕೊಂಡು, ತಲೆ ಬಾಚಿ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದು ಮೇಜಿನ ಮುಂದೆ ಕೂತರು. ಫೋನು ರಿಂಗಾಯಿತು. ಎತ್ತಿದರು. ಎದುರು ಕಟ್ಟಡದ ಯಾರೋ ಗಂಡಸು ಇಂಗ್ಲಿಷಿನಲ್ಲಿ ಗಾಬರಿಯಿಂದ ಮಾತಾಡುತ್ತಿದ್ದ. ಅವರಿಗೆ ಪ್ರತಿಯೊಂದು ಪದವೂ ಅರ್ಥವಾಗುತ್ತಿತ್ತು. ಆತ ಎರಡು ಕಡೆ ವ್ಯಾಕರಣ ತಪ್ಪಿದ್ದೂ ಗೊತ್ತಾಯಿತು. ಉತ್ತರ ಕೊಡಬೇಕೆಂದು ಬಾಯಿ ತೆರೆದರು. ಬಾಯಿ ತೆರೆದೇ ಉಳಿಯಿತು. ಆ ಕಡೆಯಿಂದ "ಹಲೋ, ಹಲೋ" ಎಂದು ಕೂಗು ಬರುತ್ತಲೇ ಇತ್ತು.

ಚೀಟಿಯಕ್ಕ ಅವರ ಮುಖ ನೋಡಿ ಫೋನು ಕಸಿದುಕೊಂಡಳು. ಕಪ್ಪೆಯ ದನಿಯಲ್ಲಿ, "ಲಿಂಪಿಂಗ್?" ಎಂದು ಕೇಳಿದಳು. ಆ ಕಡೆಯವನು ಎಸ್ ಅಂದೊಡನೆ, "ಡೋಂಟ್ ಲೆಟ್ ಹಿಮ್ ರನ್. ಲಿಫ್ಟ್ ಹಿಮ್. ಲೀವ್ ನೌ," ಎಂದಳು. ಆ ಕಡೆಯವನು ನಾಯಿಯನ್ನು ಎತ್ತಿಕೊಂಡು ಹೊರಟ.

ದಾರಿಯಲ್ಲಿ ಮನೆಗೆ ನಡೆಯುತ್ತ ಅವರು ಹೇಳಿದರು, "ನಾನು ಇಂಗ್ಲಿಷ್ ಓದಿದ್ದೀನಿ, ತಿದ್ದಿದ್ದೀನಿ. ಯಾರ ಜೊತೇನೂ ಒಂದು ಸಲಾನೂ ಮಾತಾಡಿಲ್ಲ. ಪ್ರೆಸ್ಸಿನಲ್ಲಿ ಎಲ್ಲರೂ ನಮ್ಮವರೇ ಅಲ್ವಾ. ಬೇಕಾಗಲೇ ಇಲ್ಲ."

ಇಷ್ಟು ವರ್ಷ ಜೊತೆಗೆ ಬದುಕಿದವರ ಬಗ್ಗೆ ತನಗೆ ಇದು ಗೊತ್ತೇ ಇರಲಿಲ್ಲ ಎಂದು ಚೀಟಿಯಕ್ಕನಿಗೆ ಆಶ್ಚರ್ಯವಾಯಿತು. ಕಾಲೆಳೆಯಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಆದರೆ ಗಂಟಲು ಕಟ್ಟಿತ್ತು, ಅದು ಅವರ ಪುಣ್ಯ. ಅವಳು ಅವರ ತೋಳು ಹಿಡಿದುಕೊಂಡು, "ತಪ್ಪಾದ್ರೂ ಪರವಾಗಿಲ್ಲ ಅಂತ ಬಾಯಿ ಬಿಡ್ಬೇಕು ರೀ. ಅಷ್ಟೇ ಅದರ ಗುಟ್ಟು," ಎಂದು ಪಿಸುಗುಟ್ಟಿದಳು.

"ತಪ್ಪಾದ್ರೂ ಪರವಾಗಿಲ್ಲವಾ?" ಎಂದು ಅವರು ನಿಂತೇಬಿಟ್ಟರು, ಯಾರೋ ಕಪಾಳಕ್ಕೆ ಹೊಡೆದ ಹಾಗೆ.

ಗಂಟಲು ಸರಿಹೋದ ಮೇಲೆ ಸಂಜೆಯ ಪಾಠಕ್ಕೆ ಎರಡು ಭಾಗವಾಯಿತು. ಮೊದಲು ಅವರು ಪದ ಕಲಿಸಬೇಕು. ಆಮೇಲೆ ಅವಳು ಸೌಟನ್ನು ಕಿವಿಗೆ ಹಿಡಿದು ಫೋನು ಮಾಡಬೇಕು, ಅವರು ಲಟ್ಟಣಿಗೆ ಹಿಡಿದು ಉತ್ತರ ಕೊಡಬೇಕು. ಅವರ ವಾಕ್ಯ ಬರುವಷ್ಟರಲ್ಲಿ ಅವಳು ಒಗ್ಗರಣೆ ಮುಗಿಸಿರುತ್ತಿದ್ದಳು. ಬಂದ ವಾಕ್ಯದಲ್ಲಿ ಮಾತ್ರ ಒಂದು ಕೂದಲಿನಷ್ಟೂ ಐಬಿರುತ್ತಿರಲಿಲ್ಲ.

ಈಗ ಅವರು ವಾರಕ್ಕೊಮ್ಮೆ ಬೆಳಿಗ್ಗೆ ಆಸ್ಪತ್ರೆಯ ಮೇಜಿನ ಬಳಿ ಅವಳ ಪಕ್ಕ ಕೂರುತ್ತಾರೆ. ಮೊದಲ ದಿನ ಫೋನು ಬಂದಾಗ ಚೀಟಿಯಕ್ಕ ಕೈ ಕಟ್ಟಿಕೊಂಡು ನೀವೇ ಎತ್ತಿ ಎಂಬಂತೆ ನೋಡಿದಳು. ಎದುರು ಕಟ್ಟಡದ ಹೆಂಗಸೊಬ್ಬಳು ಮೊಲದ ಮರಿಯನ್ನು ಯಾವಾಗ ತರಬಹುದು ಎಂದು ಕೇಳಿದಳು. ಅಲ್ಪವಿರಾಮದವರು ಕಣ್ಣು ಮುಚ್ಚಿಕೊಂಡು, ಕರ್ತೃವಿನಿಂದ ಶುರುಮಾಡಿ, ಕಾಲ ನೋಡಿ, ಲಿಂಗ ನೋಡಿ, ಒಂದೊಂದೇ ಪದ ಇಡುತ್ತ ಬಂದರು. ಹೆಂಗಸಿಗೆ ಕಾದು ಸಾಕಾಗಿರಬೇಕು. ಅವರು ವಾಕ್ಯಕ್ಕೆ ಪೂರ್ಣವಿರಾಮ ಇಟ್ಟು ಕಣ್ಣು ತೆರೆದಾಗ, ಅವಳು ಒಂದು ಕೈಯಲ್ಲಿ ಮೊಲ, ಇನ್ನೊಂದರಲ್ಲಿ ಇನ್ನೂ ಕಿವಿಗೆ ಹಿಡಿದ ಫೋನಿನ ಸಮೇತ ರಸ್ತೆ ದಾಟಿ ಬಂದು ಅವರ ಎದುರಿಗೇ ನಿಂತಿದ್ದಳು. ಚೀಟಿಯಕ್ಕ ಸರದಿಯ ಚೀಟಿ ಹರಿದು ಅವಳ ಕೈಗಿಟ್ಟಳು.